ಬೆನ್ನಿಗೆ ಕಟ್ಟಿದ ಬುರುಡೆ

ನಮ್ಮೂರಿನ ತೋಟದ ಬಾವಿಯಲ್ಲಿ ನನಗೆ ಈಜು ಕಲಿಸಿದವರು ನನ್ನ ಸೋದರಮಾವಂದಿರು. ಕಲಿಸುವ ದಿನ ಬೆಳಗ್ಗೆ ಅವರು ಅಟ್ಟದಿಂದ ಐದಾರು ಒಣಗಿದ ಸೋರೆಬುರುಡೆಗಳನ್ನು ಇಳಿಸಿ, ಜಗಲಿಯ ಮೇಲೆ ಸಾಲಾಗಿಟ್ಟು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದರು. ಬಿರುಕುಬಿಟ್ಟವನ್ನು ಬೇರೆ ಇಟ್ಟರು. ನಾನು ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದು ಬುರುಡೆಯನ್ನು ಅಪ್ಪಿಕೊಂಡು ನಿಂತಿದ್ದೆನು. ಬುರುಡೆಯು ದೊಡ್ಡದಾದಷ್ಟೂ ಮುಳುಗುವ ಭಯ ಚಿಕ್ಕದು ಎಂಬುದು ಎಂಟು ವರ್ಷದ ಹುಡುಗನ ತರ್ಕ. ಮಾವಂದಿರು ಅದನ್ನು ನನ್ನ ಕೈಯಿಂದ ಬಿಡಿಸಿ, ನಡುಗಾತ್ರದ್ದೊಂದನ್ನು ಆರಿಸಿ, ಹಗ್ಗವನ್ನು ನನ್ನ ಎದೆಗೂ ಸೊಂಟಕ್ಕೂ ಸುತ್ತಿ ಬೆನ್ನಿಗೆ ಬಿಗಿದರು. "ದೊಡ್ಡ ಬುರುಡೆ ನಿನ್ನನ್ನ ತೇಲಿಸೋದಿಲ್ಲ ಕಣೋ. ತಾನು ತೇಲುತ್ತೆ, ನಿನ್ನ ಮೂತೀನ ನೀರಿಗೆ ಅದುಮುತ್ತೆ" ಎಂದರು.

ಆ ಮಾತನ್ನು ನಾನು ನಲವತ್ತು ವರ್ಷ ಮರೆತಿದ್ದೆನು. ಮರೆತುದರಿಂದ ಏನಾಯಿತು, ಅದು ಪುನಃ ಹೇಗೆ ನೆನಪಿಗೆ ಬಂದಿತು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ. ವಿಷಯವು ನಮ್ಮ ಪತ್ರಿಕೆಯ ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಆದರೆ ಬಾವಿಗೆ ಇಳಿದು ಈಜು ಕಲಿತವರಿಗೆ ಇದರ ಮರ್ಮವು ಅಪರಿಚಿತವಾಗಲಾರದೆಂದು ನಂಬಿದ್ದೇನೆ.

ಉದ್ಯೋಗನಿಮಿತ್ತವಾಗಿ ನಾನು ಅಮೆರಿಕದ ಫ್ಲಾರಿಡಾ ಸಂಸ್ಥಾನದ ಉತ್ತರ ಭಾಗದಲ್ಲಿ ಬಹುಕಾಲದಿಂದ ನೆಲೆಸಿದ್ದೇನೆ. ಆ ಪ್ರಾಂತದ ನೆಲದಡಿಯೆಲ್ಲ ಸುಣ್ಣಕಲ್ಲು. ಮಳೆಯ ನೀರು ಯುಗಯುಗಗಳಿಂದ ಅದನ್ನು ಕರಗಿಸಿ ಕೊರೆದು, ಒಳಗೆ ಕೈಸಾಲೆಗಳನ್ನೂ ಓಣಿಗಳನ್ನೂ ಮಾಡಿದೆ. ಆ ಓಣಿಗಳ ಬಾಯಿ ಎಲ್ಲಿ ತೆರೆದಿದೆಯೋ ಅಲ್ಲಿ ಬುಗ್ಗೆ. ಸಾವಿರಕ್ಕೂ ಮೇಲ್ಪಟ್ಟ ಇಂಥ ಬುಗ್ಗೆಗಳು ಆ ಸಂಸ್ಥಾನದಲ್ಲಿವೆ. ಹೊರಗೆ ಬೇಸಗೆಯಿರಲಿ, ಚಳಿಯಿರಲಿ, ಉತ್ತರಭಾಗದ ಬುಗ್ಗೆಗಳ ನೀರು ಸುಮಾರು ೨೨ ಡಿಗ್ರಿಯ ಹದವನ್ನು ಬಿಡುವುದಿಲ್ಲ. ಸ್ಯಾಂಟಾ ಫೆ ನದಿಯ ದಡದ ಜಿನ್ನೀ ಸ್ಪ್ರಿಂಗ್ಸ್ ಎಂಬಲ್ಲಿ ನೀರಿನ ಮೇಲೆ ಬಾಗಿ ನೋಡಿದರೆ, ಕೆಳಗಿನ ಮರಳಿನ ಕಣಗಳನ್ನು ಎಣಿಸಬಹುದೋ ಎನ್ನಿಸುತ್ತದೆ. ಆ ಮರಳಿನಾಚೆ ಕಪ್ಪಗೆ ಒಂದು ಬಾಯಿ. ಅದರ ಒಳಗೆ ಹೋಗುವವರನ್ನು ನೋಡಿ ನೋಡಿ, ನನಗೂ ನಲವತ್ತೆಂಟನೆಯ ವಯಸ್ಸಿನಲ್ಲಿ ಆ ಹಂಬಲ ಹತ್ತಿತು.

ಮೋಜಿಗಾಗಿ ಕಡಲಿನಲ್ಲಿ ಮುಳುಗುವುದು ಒಂದು ಬಗೆ. ನಮ್ಮ ಉತ್ತರ ಕನ್ನಡದ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಈಗ ನಡೆಯುತ್ತಿರುವುದು ಆ ಬಗೆಯದು. ಅಲ್ಲಿ ಏನಾದರೂ ತೊಂದರೆಯಾದರೆ ಮೇಲಕ್ಕೆ ಬರಬಹುದು; ಮೇಲೆ ಗಾಳಿಯಿದೆ, ದೋಣಿಯಿದೆ. ಗುಹೆಯೊಳಗಣ ಮುಳುಗು ಹಾಗಲ್ಲ. ಅಲ್ಲಿ ತಲೆಯ ಮೇಲೆ ಕಲ್ಲಿನ ಮಾಡು. ಅತಿ ಆಳಕ್ಕೆ ಹೋಗಿ ಬಹಳ ಹೊತ್ತು ಇದ್ದವರಿಗೆ ಕಲ್ಲಿಲ್ಲದಿದ್ದರೂ ಒಂದು ಮಾಡು ಇದ್ದೇ ಇರುವುದು: ಒತ್ತಡದಲ್ಲಿ ರಕ್ತಕ್ಕೂ ಮಾಂಸಕ್ಕೂ ಇಳಿದ ಸಾರಜನಕವು ಮೆಲ್ಲಮೆಲ್ಲನೆ ಹೊರಬೀಳುವವರೆಗೆ ಅವರು ಗೊತ್ತಾದ ಆಳಗಳಲ್ಲಿ ತಂಗಿ ತಂಗಿ ಏಳಬೇಕು. ಆತುರದಿಂದ ಎದ್ದರೆ ಮೈಯಲ್ಲಿ ಗುಳ್ಳೆಗಳೆದ್ದು ಕೀಲು ಹಿಡಿಯುವುದುಂಟು, ಅಂಗಾಂಗಗಳು ಸ್ವಾಧೀನ ತಪ್ಪುವುದುಂಟು, ಪ್ರಾಣವೇ ಹೋಗುವುದುಂಟು. ರನ್ನನ ದುರ್ಯೋಧನನಿಗೆ ವೈಶಂಪಾಯನ ಸರೋವರದೊಳಗಿರಲು ಜಲಸ್ತಂಭನ ಮಂತ್ರವಿದ್ದಿತು. ನಮ್ಮಂಥವರಿಗೆ ಇರುವುದು ಗಡಿಯಾರ ಮತ್ತು ಲೆಕ್ಕ. ಮೇಲೆ ಮಾಡಿರುವ ಇಂಥ ಮುಳುಗನ್ನು ಅಲ್ಲಿಯವರು ಟೆಕ್ನಿಕಲ್ ಡೈವಿಂಗ್ ಎನ್ನುವರು. ಮುಳುಗುವವನು ತನ್ನ ತೊಂದರೆಯನ್ನು ತಾನಿರುವ ಕಡೆಯಲ್ಲಿಯೇ ಪರಿಹರಿಸಿಕೊಳ್ಳಬೇಕು ಎಂಬುದು ಅದರ ಮೊದಲನೆಯ ಪಾಠ. ಆದುದರಿಂದ ಅವನು ಬೆನ್ನಿಗೆ ಏನನ್ನು ಕಟ್ಟಿಕೊಂಡಿದ್ದಾನೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ.

ಕಟ್ಟಿಕೊಳ್ಳುವ ವಸ್ತುಗಳು ಮೂರು. ಮೊದಲನೆಯದು ಬ್ಯಾಕ್‌ಪ್ಲೇಟ್, ಎಂದರೆ ಬೆನ್ನುಹಲಗೆ: ಉಕ್ಕು ಅಥವಾ ಅಲ್ಯುಮಿನಿಯಂ ತಗಡನ್ನು ನಡುವೆ ಏಣಾಗುವಂತೆ ಮಡಿಸಿ ಮಾಡಿದ್ದು. ಎರಡನೆಯದು ಹಾರ್ನೆಸ್, ಎಂದರೆ ಆ ಹಲಗೆಯನ್ನು ಮೈಗೆ ಬಿಗಿಯುವ ಪಟ್ಟಿಕಟ್ಟು. ಮೂರನೆಯದು ವಿಂಗ್, ಎಂದರೆ ರೆಕ್ಕೆ. ಹೆಸರು ರೆಕ್ಕೆಯಾದರೂ ಅದು ಹಲಗೆಗೂ ಗಾಳಿಯ ಸಿಲಿಂಡರುಗಳಿಗೂ ನಡುವೆ ಕೂರುವ ಒಂದು ಚೀಲ. ಸಿಲಿಂಡರಿನ ಗಾಳಿಯನ್ನು ಅದಕ್ಕೆ ಬಿಟ್ಟರೆ ಮೇಲಕ್ಕೆತ್ತುತ್ತದೆ, ಹೊರಗೆ ಬಿಟ್ಟರೆ ಇಳಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮನಸ್ಸು ಬಂದಾಗ ಹಿಗ್ಗಿಸಿ ಕುಗ್ಗಿಸಬಹುದಾದ ಸೋರೆಬುರುಡೆ.

೧೯೪೩ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ, ಎಮಿಲ್ ಗಾನ್ಯಾ ಎಂಬಿಬ್ಬರು ಉಸಿರಾಟದ ಯಂತ್ರವನ್ನು ಸಿದ್ಧಗೊಳಿಸಿದ ಕಾಲದಲ್ಲಿ ಈ ಚೀಲವಿರಲಿಲ್ಲ. ಸಿಲಿಂಡರನ್ನು ಪಟ್ಟಿಗಳಿಂದ ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಿದ್ದರು. ಅನಂತರ ಕೊರಳಿಗೆ ಹಾಕುವ ಚೀಲ ಬಂದಿತು, ಅದರ ಹಿಂದೆ ತೋಳಿಲ್ಲದ ಅಂಗಿಯಂಥ ಗಾಳಿಚೀಲ ಬಂದಿತು. ಫ್ಲಾರಿಡಾದ ಗುಹಾಶೋಧಕರಿಗೆ ಇವೆರಡೂ ಒಗ್ಗಲಿಲ್ಲ. ಜೋಡಿ ಸಿಲಿಂಡರುಗಳನ್ನು ಹೊತ್ತು, ಕೆಳಗಿನ ಕೆಸರನ್ನು ಕಲಕದೆ ಮೀನಿನಂತೆ ಅಡ್ಡಲಾಗಿ ತೇಲಬೇಕಾಗಿದ್ದ ಅವರು, ೧೯೭೯ರ ಸುಮಾರಿನಲ್ಲಿ ಗ್ರೆಗ್ ಫ್ಲಾನಗನ್ ಎಂಬಾತನು ರೂಪಿಸಿದ ಲೋಹದ ಬೆನ್ನುಹಲಗೆಯನ್ನು ಕೈಗೊಂಡರು. ವಿಲಿಯಂ ಹೋಗಾರ್ಥ್ ಮೇನ್ ಎಂಬ ಇನ್ನೊಬ್ಬ ಗುಹಾಶೋಧಕನು ಅದರಲ್ಲಿ ಬೇಡವಾದುದನ್ನೆಲ್ಲ ಒಂದೊಂದಾಗಿ ಕಳೆಯುತ್ತ ಹೋದನು. ಆತನ ಹೆಸರಿನಿಂದಲೇ ಆ ಮಿತವ್ಯಯದ ಪದ್ಧತಿಯನ್ನು ಹೋಗಾರ್ಥಿಯನ್ ಎಂದು ಈಗಲೂ ಕರೆಯುತ್ತಾರೆ. ೨೦೦೭ರ ಡಿಸೆಂಬರಿನಲ್ಲಿ ಜ್ಯಾರಡ್ ಜಬ್ಲಾನ್ಸ್ಕಿ, ಕೇಸಿ ಮೆಕಿನ್ಲೆ ಎಂಬಿಬ್ಬರು ಟರ್ನರ್ ಸಿಂಕ್ ಎಂಬ ಕುಳಿಯಲ್ಲಿ ಮುಳುಗಿ, ಸುಮಾರು ೧೧ ಕಿಲೋಮೀಟರು ನೆಲದಡಿಯ ನೀರಿನಲ್ಲಿ ಸಾಗಿ, ವಕಲ್ಲಾ ಬುಗ್ಗೆಯಲ್ಲಿ ಎದ್ದರು. ಅವರನ್ನು ಬೆಳೆಸಿದ್ದು ಇದೇ ಪದ್ಧತಿ.

ಇಷ್ಟನ್ನೂ ನಾನು ಓದಿದ್ದೆನು. ಓದಿದ ಮೇಲೆ ಅಂಗಡಿಗೆ ಹೋದೆನು. ಅಂಗಡಿಯಲ್ಲಿ ಓದಿದ್ದೆಲ್ಲ ಮರೆತುಹೋಯಿತು.

ವಾಚಕರಲ್ಲಿ ಮನೆ ಕಟ್ಟಿಸಿದವರು ಯಾರಾದರೂ ಇದ್ದರೆ ನನ್ನ ಅಂದಿನ ಮನಃಸ್ಥಿತಿಯನ್ನು ಬೇಗ ಊಹಿಸಬಲ್ಲರು. ಒಂದು ಕಿಟಕಿಗೆ ಹೋದವನು ಎರಡು ಉಪ್ಪರಿಗೆ ಕೊಂಡು ಬರುವ ಸಮಯವದು. ಭುಜಕ್ಕೆ ಮೆತ್ತೆ ಬೇಕೆ ಎಂದರು, ಬೇಕೆಂದೆನು. ಎದೆಗೊಂದು ಅಡ್ಡಪಟ್ಟಿ, ಭುಜಕ್ಕೆರಡು ಪ್ಲಾಸ್ಟಿಕ್ ಕೊಂಡಿ, ಬೆನ್ನಿಗೊಂದು ದಿಂಬು, ಅಕ್ಕಪಕ್ಕದಲ್ಲಿ ಜೇಬುಗಳು ಬೇಕೆ ಎಂದರು, ಎಲ್ಲಕ್ಕೂ ತಲೆಯಾಡಿಸಿದೆನು. ಹಲಗೆಗಳಲ್ಲಿ ದಪ್ಪನೆಯ ಉಕ್ಕಿನದನ್ನು ಆರಿಸಿದೆನು. ಏಕೆಂದರೆ ಉಕ್ಕು ಗಟ್ಟಿ. ಸಿಲಿಂಡರುಗಳೂ ಉಕ್ಕಿನವೇ, ೧೨ ಲೀಟರಿನ ಜೋಡಿ. ರೆಕ್ಕೆಗೆ ಬಂದಾಗ, ೧೮ ಕಿಲೋ ಎತ್ತುವುದು ಒಂದು, ೨೭ ಕಿಲೋ ಎತ್ತುವುದು ಒಂದು, ೪೫ ಕಿಲೋ ಎತ್ತುವುದು ಒಂದು, ಹೀಗೆ ಮೂರನ್ನು ಮುಂದಿಟ್ಟರು. ಕೊನೆಯದರಲ್ಲಿ ಒಳಗೆ ಎರಡು ಚೀಲಗಳು. ಹೊರಗೆಲ್ಲ ಅದನ್ನು ಮುದುಡಿ ಹಿಡಿಯುವ ರಬ್ಬರಿನ ಹುರಿ. ಜಗಲಿಯ ಮೇಲೆ ದೊಡ್ಡ ಬುರುಡೆಯನ್ನು ಅಪ್ಪಿ ನಿಂತ ಹುಡುಗನೇ ಇಲ್ಲಿಯೂ ಮುಂದೆ ಬಂದು ೪೫ ಕಿಲೋದ ರೆಕ್ಕೆಯನ್ನು ಎತ್ತಿಕೊಂಡನು. ಅಂಗಡಿಯವರನ್ನು ದೂರಲಾರೆ, ಅವರು ಕೇಳಿದರು, ನಾನು ಒಪ್ಪಿದೆನು.

ಆ ಸಾಮಗ್ರಿಯನ್ನೆಲ್ಲ ಮನೆಯ ನಡುಮನೆಯಲ್ಲಿ ಹರಡಿದಾಗ ನನ್ನ ಹೆಂಡತಿ ಬಂದು ನೋಡಿದಳು. ಬೆಲೆಯನ್ನು ಕೇಳಲಿಲ್ಲ. ರೆಕ್ಕೆಯ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು, "ಇದು ಒಡೆದರೆ?" ಎಂದಳು.

"ಒಳಗೆ ಇನ್ನೊಂದಿದೆ" ಎಂದೆನು.

"ಅದೂ ಒಡೆದರೆ?"

"ಹಾಗೆಲ್ಲ ಆಗುವುದಿಲ್ಲ" ಎಂದುಬಿಟ್ಟೆನು. ಇದು ಉತ್ತರವಲ್ಲವೆಂಬುದು ಅವಳಿಗೂ ಗೊತ್ತಿದ್ದಿತು, ನನಗೂ ಗೊತ್ತಿದ್ದಿತು. ಅವಳು ಬೇರೆ ಮಾತನಾಡದೆ ಒಳಗೆ ಹೋದಳು.

ಮೊದಲ ಪಾಠಗಳು ಗುಹೆಯೊಳಗೆ ನಡೆಯುವುದಿಲ್ಲ. ಸುಮಾರು ೧೮ ಮೀಟರು ಆಳದ, ಮೇಲೆ ತೆರೆದಿದ್ದ ಒಂದು ಕೊಳದಲ್ಲಿ ನಮಗೆ ಅಭ್ಯಾಸ. ಗುರುಗಳು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಬಡಗಿ, ಮಿತಭಾಷಿ. ಅವರು ನನ್ನ ಸಾಮಗ್ರಿಯನ್ನು ಒಂದು ಸುತ್ತು ಬಂದು ನೋಡಿ, "ಬಹಳ ಇದೆ" ಎಂದಷ್ಟೇ ಹೇಳಿದರು. ನಾನು ಅದನ್ನು ಪ್ರಶಂಸೆಯೆಂದು ತಿಳಿದೆನು.

ಅಂದಿನ ಪಾಠ, ತಳಕ್ಕೆ ಹೋಗಿ, ಹಿಂದಿರುಗುವಾಗ ೬ ಮೀಟರಿನಲ್ಲಿ ಕೆಲವು ನಿಮಿಷ ಅಲುಗದೆ ನಿಲ್ಲುವುದು. ನಾನು ಉಕ್ಕಿನ ಭಾರದ ಮೇಲೆ, ತೇಲಿಬಿಟ್ಟೇನೆಂಬ ಭಯದಿಂದ, ಎರಡು ಕಿಲೋ ಸೀಸವನ್ನು ಬೇರೆ ಕಟ್ಟಿಕೊಂಡಿದ್ದೆನು. ಆ ಭಾರವನ್ನು ಎತ್ತಿಹಿಡಿಯುವುದಕ್ಕಾಗಿ ರೆಕ್ಕೆಗೆ ಧಾರಾಳವಾಗಿ ಗಾಳಿಯನ್ನು ತುಂಬಬೇಕಾಯಿತು. ಸಾಲ ತೀರಿಸುವುದಕ್ಕೆ ಸಾಲ ಮಾಡುವ ಸಂಸಾರದಂತೆ, ಭಾರಕ್ಕೆ ಗಾಳಿ, ಗಾಳಿಗೆ ಭಾರ. ಆರು ಮೀಟರಿನಲ್ಲಿ ನಿಂತು, ಜೊತೆಗಾರನನ್ನು ನೋಡಲೆಂದು ಎಡಕ್ಕೆ ವಾಲಿದೆನು. ಅಷ್ಟೇ ಸಾಕಾಯಿತು. ಅರ್ಧ ತುಂಬಿದ ಆ ದೊಡ್ಡ ಚೀಲದೊಳಗಿನ ಗಾಳಿಯೆಲ್ಲ, ತುಂಬದ ಕೊಡದ ನೀರಿನಂತೆ ತುಳುಕಿ, ಮೇಲಾಗಿದ್ದ ಬಲಗಡೆಗೆ ಹರಿಯಿತು. ಬಲಗಡೆಯು ಉಬ್ಬಿ ನನ್ನನ್ನು ಮತ್ತಷ್ಟು ಹೊರಳಿಸಿತು. ಗಾಳಿಯನ್ನು ಬಿಡುವ ಕವಾಟವು ಎಡಬದಿಯ ಕೆಳಗೆ; ಅದರ ದಾರವನ್ನು ಎಳೆದೆನು. ಗಾಳಿಯಿದ್ದುದು ಇನ್ನೊಂದು ಮಗ್ಗುಲಲ್ಲಿ, ರಬ್ಬರಿನ ಹುರಿಯು ಬಿಗಿದ ಮಡಿಕೆಗಳಲ್ಲಿ. ಹೊರಗೆ ಬಂದುದು ನಾಲ್ಕು ಗುಳ್ಳೆ. ಅಷ್ಟರಲ್ಲಿ ಏಳತೊಡಗಿದ್ದೆನು. ಏಳುತ್ತ ಏಳುತ್ತ ನೀರಿನ ಒತ್ತಡ ಕಡಿಮೆಯಾಗಿ ಚೀಲದ ಗಾಳಿ ಹಿಗ್ಗಿತು. ಹಿಗ್ಗಿದ ಗಾಳಿ ಇನ್ನೂ ವೇಗವಾಗಿ ಎತ್ತಿತು. ಬಾಯ್ಲನು ೧೬೬೨ರಲ್ಲಿ ಹೇಳಿದ ನಿಯಮವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಅಂಕ ಪಡೆದಿದ್ದೆನು. ಅದರ ಅರ್ಥವು ಆ ಕೆಲವು ಸೆಕೆಂಡುಗಳಲ್ಲಿ ಆಯಿತು. ಬೆಂಡಿನಂತೆ ನೀರಿನ ಮೇಲೆ ಚಿಮ್ಮಿ ಬಿದ್ದೆನು.

ದಡದಲ್ಲಿ ಹೆಂಡತಿ ಕಾಫಿಯ ಫ್ಲಾಸ್ಕನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಮೊದಲು ಕೈಬೀಸಿದಳು. ಆಮೇಲೆ, ನಾನು ಒಬ್ಬನೇ ಬಂದುದು ಅವಳ ಗಮನಕ್ಕೆ ಬಂದಿರಬೇಕು. ಎತ್ತಿದ ಕೈ ಅಲ್ಲಿಯೇ ನಿಂತಿತು.

ಗುರುಗಳೂ ಜೊತೆಗಾರನೂ ಮೇಲಕ್ಕೆ ಬರಲು ಇನ್ನೂ ಮೂರು ನಿಮಿಷ ಹಿಡಿಯಿತು. ಅವರು ತಂಗಬೇಕಾದಲ್ಲಿ ತಂಗಿಯೇ ಬಂದರು, ನನಗಾಗಿ ಆತುರಪಡಲಿಲ್ಲ. ಅದೂ ಒಂದು ಪಾಠವೆಂದು ಅನಂತರ ತಿಳಿಯಿತು. ಗುರುಗಳು ನನ್ನ ಕಣ್ಣುಗಳನ್ನೂ ಮಾತನ್ನೂ ಪರೀಕ್ಷಿಸಿ, ಅಪಾಯವಾಗಿಲ್ಲವೆಂದು ಖಚಿತಮಾಡಿಕೊಂಡು, "ಈ ಹೊತ್ತು ನಿನ್ನ ತಲೆಯ ಮೇಲೆ ಆಕಾಶವಿತ್ತು" ಎಂದರು. ಕಲ್ಲಿದ್ದಿದ್ದರೆ? ರಕ್ತದಲ್ಲಿ ಎರಡು ಗಂಟೆಯ ಸಾರಜನಕವಿದ್ದಿದ್ದರೆ? ಅವರು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಆ ಮಧ್ಯಾಹ್ನ ಅವರು ಮರದ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಒಂದು ಕಾಗದವನ್ನೂ ಪೆನ್ಸಿಲನ್ನೂ ಕೈಗೆ ಕೊಟ್ಟರು. "ರೆಕ್ಕೆ ಎಷ್ಟು ಎತ್ತುತ್ತದೆ ಎಂದು ಕೇಳುವುದನ್ನು ಬಿಡು. ರೆಕ್ಕೆ ಸತ್ತ ದಿನ ನೀನು ಎಷ್ಟನ್ನು ಎತ್ತಬಲ್ಲೆ ಎಂದು ಕೇಳು" ಎಂದರು. ಹೆಂಡತಿಯ ಪ್ರಶ್ನೆಯೇ ಇದು. ಮಾತು ಮಾತ್ರ ಬೇರೆ.

ಲೆಕ್ಕವು ಹೀಗೆ ಸಾಗಿತು. ಗಾಳಿಗೂ ತೂಕವುಂಟು: ಒಂದು ಲೀಟರಿಗೆ ಸುಮಾರು ೧.೨ ಗ್ರಾಂ. ೧೨ ಲೀಟರಿನ ಎರಡು ಸಿಲಿಂಡರುಗಳಿಗೆ ೨೦೦ ಬಾರ್ ಒತ್ತಡದಲ್ಲಿ ತುಂಬಿದರೆ ೪೮೦೦ ಲೀಟರು. ಎಂದರೆ ಹೆಚ್ಚುಕಡಿಮೆ ೫.೮ ಕಿಲೋ. ಮುಳುಗಿನ ಆರಂಭದಲ್ಲಿ ಇಷ್ಟು ಭಾರವನ್ನು ಯಾರೂ ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ಉಸಿರಾಡಬೇಕಾದುದು ಅದನ್ನೇ. ಎರಡನೆಯದಾಗಿ, ಚಳಿಗೆ ತೊಡುವ ರಬ್ಬರಿನ ಉಡುಪಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ೩೦ ಮೀಟರಿನಲ್ಲಿ ಒತ್ತಡವು ನೆಲದ ಮೇಲಿನದರ ನಾಲ್ಕರಷ್ಟಾಗಿ ಅವು ಕುಗ್ಗುತ್ತವೆ, ಉಡುಪು ತನ್ನ ತೇಲುವ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ನನ್ನ ಉಡುಪಿಗೆ ಅದು ಮೂರು ಕಿಲೋ ಎಂದು ಹಿಡಿದೆವು. ಇವೆರಡೂ ಸೇರಿ ಒಂಬತ್ತು ಕಿಲೋದ ಹತ್ತಿರ. ಅದರ ಮೇಲೆ, ಬರಿದಾದಾಗಲೂ ಮುಳುಗಿಯೇ ಇರುವ ಉಕ್ಕಿನ ಸಿಲಿಂಡರುಗಳ ಭಾರ, ಉಕ್ಕಿನ ಹಲಗೆಯ ಸುಮಾರು ೨.೭ ಕಿಲೋ, ನಾನು ಕಟ್ಟಿಕೊಂಡ ಎರಡು ಕಿಲೋ ಸೀಸ. ಕಾಲಿನ ಬಲದಿಂದ ಈಜಿ ಮೇಲೇಳುವ ನನ್ನಂಥ ಮಧ್ಯವಯಸ್ಕನು ಇದನ್ನು ಹೊತ್ತು ತಳದಿಂದ ಒಂದಾಳುದ್ದವೂ ಏಳಲಾರನು. ರೆಕ್ಕೆಯು ಹರಿದ ಕ್ಷಣವೇ ನಾನು ಆ ಕೊಳದ ತಳದ ನಿವಾಸಿ. ೪೫ ಕಿಲೋ ಎತ್ತುವ ಚೀಲವನ್ನು ಕೊಂಡದ್ದು ಧೈರ್ಯಕ್ಕಾಗಿ; ಆದರೆ ಅದಿಲ್ಲದೆ ಬದುಕಲಾರದಂತೆ ನನ್ನನ್ನು ನಾನೇ ಕಟ್ಟಿಹಾಕಿಕೊಂಡಿದ್ದೆನು.

ಆದುದರಿಂದ ಆರಿಸುವ ಕ್ರಮವೇ ತಲೆಕೆಳಗಾಗಿದ್ದಿತು. ಮೊದಲು ರೆಕ್ಕೆಯನ್ನಲ್ಲ, ಭಾರವನ್ನು ಆರಿಸಬೇಕು. ಮುಳುಗು ಮುಗಿಯುವ ವೇಳೆಗೆ, ಸಿಲಿಂಡರುಗಳು ಬಹುಮಟ್ಟಿಗೆ ಬರಿದಾಗಿ, ಚೀಲದಲ್ಲಿ ಗಾಳಿಯಿಲ್ಲದೆ, ಮೂರು ಮೀಟರಿನಲ್ಲಿ ಏಳದೆ ಮುಳುಗದೆ ನಿಲ್ಲುವುದಕ್ಕೆ ಎಷ್ಟು ಬೇಕೋ ಅಷ್ಟೇ ಭಾರವಿರಬೇಕು. ಹೆಚ್ಚಿದ್ದರೆ ದಂಡ, ಕಡಿಮೆಯಿದ್ದರೆ ತಂಗುದಾಣದಲ್ಲಿ ನಿಲ್ಲಲಾಗದು. ನನ್ನ ಉಡುಪಿಗೆ ಗುರುಗಳು ಸೂಚಿಸಿದ್ದು ೧೧ ಲೀಟರಿನ ಅಲ್ಯುಮಿನಿಯಂ ಜೋಡಿ. ಅಲ್ಯುಮಿನಿಯಂ ಸಿಲಿಂಡರಿನ ಸ್ವಭಾವ ವಿಚಿತ್ರವಾದುದು: ತುಂಬಿದಾಗ ಸ್ವಲ್ಪ ಮುಳುಗುತ್ತದೆ, ಬರಿದಾದರೆ ಒಂದೊಂದೂ ಎರಡು ಕಿಲೋದಷ್ಟು ತೇಲುತ್ತದೆ. ಆ ತೇಲುವಿಕೆಯನ್ನು ಸರಿದೂಗಿಸಲು ಉಕ್ಕಿನ ಹಲಗೆ ಬೇಕೇ ಬೇಕು. ಹಲಗೆಯ ಲೋಹವನ್ನು ಆರಿಸುವುದೆಂದರೆ ಗಟ್ಟಿತನವನ್ನು ಆರಿಸುವುದಲ್ಲ, ತೂಕವನ್ನು ಆರಿಸುವುದು ಎಂಬುದು ಆಗ ತಿಳಿಯಿತು. ಅಲ್ಯುಮಿನಿಯಂ ಹಲಗೆ ಒಂದು ಕಿಲೋಗಿಂತ ಕಡಿಮೆ. ಗಾಳಿಯಾಡದ ಒಣ ಉಡುಪನ್ನು ತೊಟ್ಟು ಉಕ್ಕಿನ ಸಿಲಿಂಡರು ಹೊರುವವರಿಗೆ ಅದೂ ಸಾಕಾಗುತ್ತದೆ. ಒಬ್ಬನಿಗೆ ಸರಿಯಾದುದು ಇನ್ನೊಬ್ಬನಿಗೆ ಸರಿಯಲ್ಲ. ಇನ್ನೂ ಬೇಕಾದ ಭಾರಕ್ಕೆ, ಕಷ್ಟ ಬಂದಾಗ ಬಿಚ್ಚಿಬಿಡಬಹುದಾದ ಸ್ವಲ್ಪ ಸೀಸ. ಈಗ ಲೆಕ್ಕ ಹಾಕಿದರೆ, ರೆಕ್ಕೆ ಎತ್ತಬೇಕಾದುದು ಅತಿ ಹೆಚ್ಚೆಂದರೆ ಒಂಬತ್ತು ಕಿಲೋದ ಆಸುಪಾಸು. ನೀರಿನ ಮೇಲೆ ತಲೆಯೆತ್ತಿ ನಿಲ್ಲುವುದಕ್ಕೂ ಸ್ವಲ್ಪ ಸೇರಿಸಿದರೂ ೧೮ ಕಿಲೋದ ರೆಕ್ಕೆ ಧಾರಾಳವಾಯಿತು. ಅಂಗಡಿಯಲ್ಲಿ ನನ್ನ ಮುಂದಿಟ್ಟಿದ್ದ ಮೂರರಲ್ಲಿ ಎಲ್ಲಕ್ಕೂ ಚಿಕ್ಕದು!

ಹೊಸ ರೆಕ್ಕೆಯಲ್ಲಿ ರಬ್ಬರಿನ ಹುರಿಗಳಿಲ್ಲ. ಒಳಗೆ ಚೀಲವೂ ಒಂದೇ. ಅದು ಬಳೆಯಂತೆ ದುಂಡಗೆ ಕೂಡಿಕೊಂಡಿರುವುದರಿಂದ, ಗಾಳಿಯು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಕೆಳಗಿನಿಂದಲೂ ಹಾಯಬಲ್ಲುದು; ಕವಾಟಕ್ಕೆ ಸಿಕ್ಕದೆ ಅಡಗುವ ಮೂಲೆಗಳು ಕಡಿಮೆ. ಕುದುರೆಲಾಳದಂತೆ ಕೆಳಗೆ ತೆರೆದಿರುವ ರೆಕ್ಕೆಗಳೂ ಉಂಟು; ಅವನ್ನು ಮೆಚ್ಚುವ ಅನುಭವಿಗಳೂ ಉಂಟು. ನನಗೆ ಒಮ್ಮೆ ಹೊರಳಿದ್ದು ಸಾಕಾಗಿತ್ತು. ಹಲಗೆಗೂ ರೆಕ್ಕೆಗೂ ಬೇರೆ ಬೇರೆ ಮನೆಯವರೆಂಬ ಭೇದವಿಲ್ಲದಿರುವುದು ಈ ಪದ್ಧತಿಯ ಒಂದು ಸೊಗಸು: ಜೋಡಿ ಸಿಲಿಂಡರನ್ನು ಬಿಗಿಯುವ ಎರಡು ರಂಧ್ರಗಳ ನಡುವಣ ಅಂತರವು ಎಲ್ಲರಲ್ಲಿಯೂ ಸುಮಾರು ೨೮ ಸೆಂಟಿಮೀಟರು. ಆದುದರಿಂದ ನನ್ನ ಹಳೆಯ ಹಲಗೆಯೇ ಹೊಸ ರೆಕ್ಕೆಗೂ ಹೊಂದಿತು. ತಪ್ಪಿನಲ್ಲಿ ಉಳಿದುಕೊಂಡ ಏಕೈಕ ವಸ್ತು ಅದು.

ಪಟ್ಟಿಕಟ್ಟಿನ ಕೆಲಸ ಮನೆಯ ಮೊಗಸಾಲೆಯಲ್ಲಿ ನಡೆಯಿತು. ಮೆತ್ತೆ, ದಿಂಬು, ಕೊಂಡಿ, ಜೇಬುಗಳನ್ನೆಲ್ಲ ಬಿಚ್ಚಿ ಒಂದು ಪೆಟ್ಟಿಗೆಗೆ ತುಂಬಿದೆನು. ಉಳಿದುದು ಐದು ಸೆಂಟಿಮೀಟರು ಅಗಲದ ಒಂದೇ ನೈಲಾನ್ ಪಟ್ಟಿ. ಅದು ಹಲಗೆಯ ಸೊಂಟದ ಕಂಡಿಯಿಂದ ಹೊರಟು, ಕಂಕುಳ ಕೆಳಗಿನಿಂದ ಭುಜವನ್ನೇರಿ, ಹಲಗೆಯ ಮೇಲ್ತುದಿಯನ್ನು ಹಾಯ್ದು, ಇನ್ನೊಂದು ಭುಜದಿಂದ ಇಳಿದು, ಮತ್ತೆ ಸೊಂಟಕ್ಕೆ ಬರುತ್ತದೆ. ನಡುವೆ ಎಲ್ಲಿಯೂ ತುಂಡಿಲ್ಲ, ಮುರಿಯುವ ಕೊಂಡಿಯಿಲ್ಲ. ಸೊಂಟದಲ್ಲಿ ಒಂದೇ ಬಕಲು. ಎರಡು ಭುಜಗಳಲ್ಲಿಯೂ ಎಡಸೊಂಟದಲ್ಲಿಯೂ ಅರ್ಧಚಂದ್ರಾಕಾರದ ಲೋಹದ ಬಳೆಗಳು. ತೊಡೆಸಂದಿಯಲ್ಲಿ ಹಾಯ್ದು ಬರುವ ಇನ್ನೊಂದು ಪಟ್ಟಿಯು, ಸಾಮಗ್ರಿಯೆಲ್ಲ ಕುತ್ತಿಗೆಯ ಕಡೆಗೆ ಜಾರದಂತೆ ಹಿಡಿಯುತ್ತದೆ. ನಮ್ಮೂರಿನ ಕಚ್ಚೆಯ ಉಪಯೋಗ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೋಡುವುದಕ್ಕೆ ಸುಲಭ, ಅಳತೆಗೆ ತರುವುದು ಕಷ್ಟ. ಪಟ್ಟಿಯು ಬಿಗಿಯಾದರೆ ತೊಟ್ಟವನಿಗೆ ಕಳಚಲಾಗದು. ಸಡಿಲವಾದರೆ ಹಲಗೆ ಕೆಳಕ್ಕೆ ಜಾರುತ್ತದೆ. ಜಾರಿದರೆ, ತಲೆಯ ಹಿಂದಿರುವ ಸಿಲಿಂಡರಿನ ಕವಾಟಗಳಿಗೆ ಕೈ ಎಟಕುವುದಿಲ್ಲ. ಒಂದು ನಳಿಗೆಯು ಸಿಡಿದು ಗಾಳಿ ಸೋರತೊಡಗಿದರೆ, ಕತ್ತಲೆಯಲ್ಲಿ ಕೈಯನ್ನು ಹಿಂದಕ್ಕೆ ಚಾಚಿ ಆ ಕವಾಟವನ್ನು ಮುಚ್ಚಬಲ್ಲವನು ಉಳಿಯುತ್ತಾನೆ. ಪಟ್ಟಿಯ ಎರಡು ಬೆರಳಿನ ಹೆಚ್ಚುಕಡಿಮೆಯಲ್ಲಿ ಇದೆಲ್ಲ ನಿಂತಿದೆ. ಮೆತ್ತೆಯಿಟ್ಟ ಹಿಂದಿನ ಕಟ್ಟಿನಲ್ಲಿ ನನಗೆ ಕವಾಟ ಎಟಕುತ್ತಿರಲಿಲ್ಲವೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಭುಜಕ್ಕೆ ಸುಖವಾಗಿದ್ದಿತು, ಅಷ್ಟೇ.

ಹೆಂಡತಿ ಹಿಂದೆ ನಿಂತು ಹಲಗೆಯನ್ನು ಹಿಡಿದಳು. ನಾನು ಮೊಣಕೈ ಮಡಿಸಿ, ಕೈಯನ್ನು ಭುಜದ ಮೇಲಿನಿಂದ ಹಿಂದಕ್ಕೆ ಬಿಟ್ಟು, "ಬೆರಳಿಗೆ ಹಲಗೆಯ ಅಂಚು ಸಿಕ್ಕಿತೇ?" ಎಂದು ಕೇಳುವೆನು; ಅವಳು "ಇನ್ನೂ ಎರಡಂಗುಲ" ಎನ್ನುವಳು. ಬಿಚ್ಚುವುದು, ಎಳೆಯುವುದು, ಮತ್ತೆ ತೊಡುವುದು. ಏಳೆಂಟು ಸಲ ಹೀಗಾಯಿತು. ಪಟ್ಟಿಯ ಕೆಳಗೆ ತನ್ನ ಅಂಗೈಯನ್ನು ತೂರಿಸಿ ಸಡಿಲವನ್ನು ನೋಡಿದವಳೂ ಅವಳೇ. ಮಿಕ್ಕ ಪಟ್ಟಿಯನ್ನು ಕತ್ತರಿಸಿ, ಎಳೆ ಬಿಚ್ಚದಂತೆ ತುದಿಯನ್ನು ದೀಪಕ್ಕೆ ಹಿಡಿದು ಸುಟ್ಟೆವು. ಕೆಲಸ ಮುಗಿದ ಮೇಲೆ ಅವಳು ಆ ಸಣ್ಣ ರೆಕ್ಕೆಯನ್ನು ಕೈಯಲ್ಲಿ ಎತ್ತಿ, "ಇದರಲ್ಲಿ ಒಂದೇ ಅಲ್ಲವೇ ಇರುವುದು? ಇದು ಒಡೆದರೆ?" ಎಂದಳು.

"ಸೀಸವನ್ನು ಬಿಡುತ್ತೇನೆ, ಈಜಿಕೊಂಡು ಬರುತ್ತೇನೆ" ಎಂದೆನು.

"ಬರಲಾಗುತ್ತದೆಯೇ?"

"ನೋಡಿ ಹೇಳುತ್ತೇನೆ."

ಮುಂದಿನ ಭಾನುವಾರ ಅದೇ ಕೊಳಕ್ಕೆ ಹೋದೆವು. ಗುರುಗಳು ನನ್ನ ಸಾಮಗ್ರಿಯನ್ನು ಮತ್ತೆ ಒಂದು ಸುತ್ತು ಬಂದರು. ಈ ಸಲ ಏನನ್ನೂ ಹೇಳಲಿಲ್ಲ. ತಳದಲ್ಲಿ, ಸಿಲಿಂಡರುಗಳು ಇನ್ನೂ ತುಂಬಿರುವಾಗಲೇ, ಅವರು ಸಂಜ್ಞೆ ಮಾಡಿದರು: ರೆಕ್ಕೆಯನ್ನು ಪೂರ್ತಿ ಬರಿದುಮಾಡು. ಸೊಂಟವನ್ನು ಮೇಲೆತ್ತಿ ದಾರವನ್ನೆಳೆದೆನು. ಗಾಳಿಯು ಒಂದೇ ಉಸಿರಿಗೆ ಹೊರಟುಹೋಯಿತು. ಮೈ ಮರಳಿಗೆ ತಾಗಿತು. ಗುರುಗಳು ನನ್ನ ಪಟ್ಟಿಯನ್ನು ಹಿಡಿಯುವಷ್ಟು ಹತ್ತಿರದಲ್ಲಿದ್ದರು, ಹಿಡಿಯಲಿಲ್ಲ. ಸೊಂಟದ ಸೀಸವನ್ನು ಬಿಚ್ಚಿ ಅವರ ಕೈಗೆ ಕೊಟ್ಟು ಕಾಲು ಬೀಸಿದೆನು. ಮೊದಲ ಮೂರು ನಾಲ್ಕು ಬೀಸಿಗೆ ಏನೂ ಆಗಲಿಲ್ಲ, ಎದೆ ಹೊಡೆದುಕೊಂಡಿತು. ಆಮೇಲೆ ತಳವು ಮೆಲ್ಲನೆ ಕೆಳಗಿಳಿಯಿತು. ಏರಿದಂತೆ ಉಡುಪು ಮತ್ತೆ ಉಬ್ಬಿ ಭಾರವು ತಾನಾಗಿ ಹಗುರಾಗುತ್ತ ಬಂದಿತು. ಆರು ಮೀಟರಿನಲ್ಲಿ ನಿಲ್ಲಬೇಕಾದಷ್ಟು ಹೊತ್ತು ಕಾಲಾಡಿಸುತ್ತ ನಿಂತೆನು. ಮೇಲಕ್ಕೆ ಬಂದಾಗ ದಮ್ಮು ಹತ್ತಿದ್ದಿತು, ಆದರೆ ಬಂದೆನು.

ಬಾವಿಯಲ್ಲಿ ಮಾವಂದಿರು ದಿನದಿನಕ್ಕೂ ಸಣ್ಣ ಬುರುಡೆಯನ್ನು ಕಟ್ಟುತ್ತ ಬಂದಿದ್ದರು. ಹದಿನೈದನೆಯ ದಿನವೋ ಏನೋ, ನಾನು ಬಾವಿಯ ಆಚೆಯ ಮೆಟ್ಟಿಲನ್ನು ಮುಟ್ಟಿ ಹಿಂದಿರುಗಿ ನೋಡಿದಾಗ, ಈಚೆಯ ಮೆಟ್ಟಿಲಿನ ಮೇಲೆ ಅವರು ಕುಳಿತಿದ್ದರು. ಬುರುಡೆ ಅವರ ತೊಡೆಯ ಮೇಲಿದ್ದಿತು. ಯಾವಾಗ ಬಿಚ್ಚಿದರೋ ನನಗೆ ತಿಳಿಯಲಿಲ್ಲ.

ಈಗ ವಾರಕ್ಕೊಮ್ಮೆ ಗುಹೆಯ ಬಾಯಿಗೆ ಹೋಗುತ್ತೇನೆ. ಒಳಗೆ ಹೋಗುವವರನ್ನು ಎಚ್ಚರಿಸುವುದಕ್ಕಾಗಿ ಅಲ್ಲಿ ಒಂದು ಫಲಕವನ್ನು ನಿಲ್ಲಿಸಿದ್ದಾರೆ. ಅದರ ಮೇಲೆ ಮೃತ್ಯುವಿನ ಚಿತ್ರ. ಕನ್ನಡಿಗನಾದ ನನಗೆ ಅದನ್ನು ನೋಡಿದಾಗಲೆಲ್ಲ ಬುರುಡೆ ಎಂಬ ಮಾತಿನ ಎರಡು ಅರ್ಥವೂ ಒಟ್ಟಿಗೆ ನೆನಪಾಗುತ್ತದೆ. ಗಾಳಿಯ ಮೂರರಲ್ಲೊಂದು ಪಾಲು ಮುಗಿದೊಡನೆ ಹಿಂದಿರುಗುತ್ತೇನೆ. ಹೊರಕ್ಕೆ ಬರಲು ಒಂದು ಪಾಲು, ಜೊತೆಗಾರನಿಗಾಗಿ ಒಂದು ಪಾಲು. ದಡದಲ್ಲಿ ಹೆಂಡತಿ ಕಾಫಿಯ ಫ್ಲಾಸ್ಕನ್ನಿಟ್ಟುಕೊಂಡು, ಪುಸ್ತಕವೊಂದನ್ನು ಓದುತ್ತಿರುತ್ತಾಳೆ. ಮೊದಲು ಅವಳು ಓದುತ್ತಿರಲಿಲ್ಲ.